ಮನೆಗೊಂದು ಸೀಟು

ಜೆರ್ಮಾನೊ ಅರೂಡನ ಇಬ್ಬರು ಹೆಣ್ಣುಮಕ್ಕಳೂ ಆ ವರ್ಷ ಒಂದೇ ಕಾಲೇಜಿನ ಒಂದೇ ಕೋರ್ಸಿಗೆ ಅರ್ಜಿ ಹಾಕಿದರು. ದೊಡ್ಡವಳು ನೇಲಿಯಾಗೆ ಅದು ನಾಲ್ಕನೆಯ ಸಲ, ಚಿಕ್ಕವಳು ಕೊರೀನಾಗೆ ಮೊದಲನೆಯದು. ನೀನೂ ಹಾಕು ಎಂದು ಚಿಕ್ಕವಳ ಬೆನ್ನು ಹತ್ತಿದವಳೂ ನೇಲಿಯಾಳೇ.

ಫಾಲ್ ರಿವರ್ ಎಂಬ ಊರಿನಲ್ಲಿ ಇಗರ್ಜಿಯ ಹಿಂದಿನ ಬೀದಿಯಲ್ಲಿ ಮೂರಂತಸ್ತಿನ ಮರದ ಮನೆ. ಅದರ ಮೇಲಿನ ಅಂತಸ್ತು ಅವರದು. ಜೆರ್ಮಾನೊ ನ್ಯೂ ಬೆಡ್‌ಫರ್ಡಿನ ಮೀನಿನ ಕಾರ್ಖಾನೆಯಲ್ಲಿ ಮೀನು ಕೊಯ್ಯುತ್ತಿದ್ದ. ಹೆಂಡತಿ ತೀರಿಕೊಂಡಾಗ ಕೊರೀನಾ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಳು, ನೇಲಿಯಾ ಹೈಸ್ಕೂಲಿನಲ್ಲಿ. ಜೆರ್ಮಾನೊನ ತಾಯಿ ದಿಯೊಲಿಂದಾ ಸಾಗರದಾಚೆಯ ಅಝೋರ್ಸ್ ದ್ವೀಪದ ಮನೆಗೆ ಬೀಗ ಹಾಕಿ ಬಂದು ಇಲ್ಲಿಯ ಅಡುಗೆಮನೆ ವಹಿಸಿಕೊಂಡಳು. ಮೊಮ್ಮಕ್ಕಳಿಗೆ ಅವಳು ವವೋ. ಆ ದ್ವೀಪದಿಂದ ಬಂದ ನಮ್ಮವರೆಲ್ಲ ಅಜ್ಜಿಯನ್ನು ಕರೆಯುವುದು ಹಾಗೆಯೇ. ಒಲೆ ವವೋದು. ಮಿಕ್ಕಿದ್ದೆಲ್ಲ, ಕೊರೀನಾಳ ತಲೆ ಬಾಚುವುದು, ಶಾಲೆಯ ಮೀಟಿಂಗಿಗೆ ಹೋಗುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು, ನೇಲಿಯಾಳ ಪಾಲಿಗೆ ಬಂತು.

ನೇಲಿಯಾ ಬೆಳೆದು ಆಂಬುಲೆನ್ಸಿನಲ್ಲಿ ಕೆಲಸಕ್ಕೆ ಸೇರಿದಳು. ಆಸೆ ಮಾತ್ರ ಫಿಸಿಶಿಯನ್ ಅಸಿಸ್ಟೆಂಟ್ ಆಗಬೇಕೆಂದು. ನಮ್ಮ ಕಡೆಯ ಆಸ್ಪತ್ರೆಗೆ ಹೋದರೆ ಎಷ್ಟೋ ಸಲ ರೋಗಿಯನ್ನು ಮುಟ್ಟಿ ನೋಡುವವರು, ಹೊಲಿಗೆ ಹಾಕುವವರು, ಔಷಧಿ ಬರೆದುಕೊಡುವವರು ಅವರೇ. ಡಾಕ್ಟರು ಮೇಲಿನಿಂದ ನೋಡಿಕೊಳ್ಳುತ್ತಾರೆ. ಡಿಗ್ರಿಯ ಮೇಲೆ ಎರಡು ವರ್ಷಕ್ಕೂ ಹೆಚ್ಚು ಓದು, ಅದಕ್ಕೆ ಮೊದಲು ರೋಗಿಗಳ ನಡುವೆ ಕೆಲಸ ಮಾಡಿದ ಅನುಭವ. ಸೀಟು ಬೆರಳೆಣಿಕೆಯಷ್ಟು, ಅರ್ಜಿಗಳು ಮೂಟೆಗಟ್ಟಲೆ. ನೇಲಿಯಾಗೆ ಅನುಭವ ಬೇಕಾದಷ್ಟಿತ್ತು. ಹಗಲು ದುಡಿದು ಸಂಜೆ ಕಾಲೇಜಿಗೆ ಹೋಗಿ ಪಡೆದ ಅಂಕಗಳು ಮಾತ್ರ ಸಾಲುತ್ತಿರಲಿಲ್ಲ. ಕೊರೀನಾ ಹಗಲಿನ ಕಾಲೇಜಿನಲ್ಲೇ ಓದಿ ಒಳ್ಳೆಯ ಅಂಕ ತಂದಿದ್ದಳು. ಅಕ್ಕ ಕೊಡಿಸಿದ ಕ್ಲಿನಿಕ್ಕಿನ ಕೆಲಸದಲ್ಲಿ ಒಂದು ವರ್ಷ ಕಳೆದಿದ್ದಳು.

ವವೋ ಮಾತ್ರ ಇಬ್ಬರೂ ಡಾಕ್ಟರಾಗುತ್ತಾರೆಂದು ಇಗರ್ಜಿಯ ಮೆಟ್ಟಿಲ ಮೇಲೆ ಕಂಡಕಂಡವರಿಗೆ ಹೇಳುತ್ತಿದ್ದಳು. ಡಾಕ್ಟರಲ್ಲ ಎಂದು ನೇಲಿಯಾ ತಿದ್ದುತ್ತಲೇ ಇದ್ದಳು.

"ಔಷಧಿ ಬರೀತಾರಾ?" ಎಂದು ವವೋ ಕೇಳುವಳು.

"ಬರೀತಾರೆ."

"ಬಿಳಿ ಕೋಟು ಹಾಕ್ತಾರಾ?"

"ಹಾಕ್ತಾರೆ, ವವೋ."

"ಹಾಗಾದ್ರೆ ಡಾಕ್ಟರೇ. ಸೂಪು ಕುಡಿ, ಆರಿಹೋಗುತ್ತೆ."

ಆ ಮನೆಯಲ್ಲಿ ಸಂಜೆಯ ಊಟಕ್ಕೆ ಮಾತು ತರುತ್ತಿದ್ದವಳು ನೇಲಿಯಾ. ಸೊಪ್ಪು, ಆಲೂಗಡ್ಡೆ, ಸಾಸೇಜು ಹಾಕಿ ಕುದಿಸಿದ ಸೂಪಿನಲ್ಲಿ ಬ್ರೆಡ್ಡು ಅದ್ದಿಕೊಂಡು, ಅಂದು ಆಂಬುಲೆನ್ಸಿನಲ್ಲಿ ಹೋದ ಮನೆಗಳ ಸಂಗತಿಯನ್ನು ಹೆಸರು ಬಿಟ್ಟು ಹೇಳುತ್ತಿದ್ದಳು. ಒಂದು ಸಂಜೆ ಒಬ್ಬ ಮುದುಕನ ಸಂಗತಿ ಹೇಳಿದಳು. ಎದೆನೋವು ಬಂದ ಅವನನ್ನು ಕುರ್ಚಿಯಲ್ಲಿ ಕಟ್ಟಿ ಮೆಟ್ಟಿಲಿಳಿಸುತ್ತಿದ್ದಾಗ ಎರಡನೆಯ ಅಂತಸ್ತಿನಲ್ಲಿ ನಿಲ್ಲಿಸಿ ಎಂದನಂತೆ. ಅಲ್ಲಿದ್ದದ್ದು ಅವನ ತಮ್ಮ. ಬೇಲಿಯ ಜಗಳಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮುದುಕ ಬಾಗಿಲು ತಟ್ಟಿಸಿ, ಒಲೆ ಮೇಲೆ ಬೀನ್ಸ್ ಇಟ್ಟಿದೀನಿ, ಒಲೆ ಆರಿಸು ಎಂದನಂತೆ. ತಮ್ಮ ಏನೂ ಹೇಳದೆ ಮೇಲೆ ಹತ್ತಿದ. ಮುದುಕ ದಾರಿಯಲ್ಲೇ ತೀರಿಹೋದ. ಸ್ವಲ್ಪ ಹೊತ್ತಿಗೆ ತಮ್ಮ ಬೀನ್ಸಿನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಬಂದು, ಅಣ್ಣ ಊಟ ಮಾಡಿಲ್ಲ ಎಂದನಂತೆ. ನೇಲಿಯಾ ಹೇಳಿ ಮುಗಿಸಿದಾಗ ವವೋ ಎದ್ದುಹೋಗಿ ಸಿಂಕಿನ ಹತ್ತಿರ ನಿಂತು ಮೂಗು ಒರೆಸಿಕೊಂಡಳು. ಕೊರೀನಾ ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದಳು.

ಅಕ್ಟೋಬರಿನಲ್ಲಿ ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಒಂದು ವಾರ ಕೊರೀನಾ ಹೋಗಿಬಂದಳು, ಮರುವಾರ ನೇಲಿಯಾ. ಕೊರೀನಾ ಚೆನ್ನಾಗಾಯಿತು ಎಂದಷ್ಟೇ ಹೇಳಿದಳು. ನೇಲಿಯಾ ಮನೆಗೆ ಬಂದವಳು ಕೋಟು ಕಳಚುತ್ತಲೇ ಏನೋ ಸರಿಹೋಗಲಿಲ್ಲ ಎಂದಳು. ಶುರುವಿನಲ್ಲಿ ಎಲ್ಲ ಸಲೀಸಾಗಿತ್ತಂತೆ. ಮರೆಯಲಾಗದ ರೋಗಿ ಯಾರು ಎಂದು ಕೇಳಿದಾಗ ಬೀನ್ಸಿನ ಮುದುಕನನ್ನು ಹೇಳಿದಳಂತೆ. ಅಷ್ಟರಲ್ಲಿ ಅಲ್ಲಿದ್ದ ನರೆಗೂದಲಿನ ಹೆಂಗಸು ಪೆನ್ನು ಕೆಳಗಿಟ್ಟು ಪಕ್ಕದವನ ಮುಖ ನೋಡಿದಳು. ಇದು ನಿಮ್ಮ ಸ್ವಂತ ಅನುಭವವೇ ಎಂದು ಕೇಳಿದಳು.

"ನಂದಲ್ಲದೆ ಇನ್ಯಾರದ್ದು ಅಂದೆ. ಆಮೇಲೆ ಅವರು ನನ್ನ ಮುಖ ನೋಡಲೇ ಇಲ್ಲ," ಎಂದಳು ನೇಲಿಯಾ. "ನಾನೇನು ತಪ್ಪು ಹೇಳಿದೆ, ಕೋರಿ?"

ಕೊರೀನಾ ತಟ್ಟೆಗಳನ್ನು ಜೋಡಿಸಿಕೊಂಡು ಸಿಂಕಿಗೆ ಹೋದಳು. ಅವರ ತಲೆಯಲ್ಲಿ ಏನಿತ್ತೋ ಯಾರಿಗೆ ಗೊತ್ತು ಎಂದು ನಲ್ಲಿ ತಿರುಗಿಸಿದಳು.

ನವೆಂಬರಿನಲ್ಲಿ ಕೊರೀನಾಗೆ ಸೀಟು ಸಿಕ್ಕಿತು. ನೇಲಿಯಾಳ ಹೆಸರು ಕಾಯುವವರ ಪಟ್ಟಿಗೆ ಹೋಯಿತು. ನೇಲಿಯಾ ತಂಗಿಯನ್ನು ತಬ್ಬಿಕೊಂಡು, ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಮುಖ ತೊಳೆದುಕೊಂಡು ಬಂದಳು. ವವೋ ಸಿಹಿ ಬ್ರೆಡ್ಡಿಗೆ ಹಿಟ್ಟು ನಾದತೊಡಗಿದಳು. ನಾದುತ್ತಾ ನಾದುತ್ತಾ ಕೈ ನಿಲ್ಲಿಸಿದಳು.

"ಮೊದಲು ದೊಡ್ಡವಳು ಹೋಗಲಿ," ಎಂದಳು. "ಅವಳಿಗೆ ಮೂವತ್ತು ದಾಟಿತು. ನೀನು ಬರೋ ವರ್ಷ ಹೋಗು. ಅವಳಿಗೆ ಬಿಟ್ಟುಕೊಡು."

"ಅದು ಬಸ್ಸಿನ ಸೀಟಲ್ಲ ವವೋ, ಎದ್ದು ಕೊಡೋಕೆ," ಎಂದಳು ಕೊರೀನಾ.

"ಅಮ್ಮನ ಥರ ಸಾಕಿದಾಳೆ ನಿನ್ನನ್ನ."

"ಹಾಗಂತ ನನ್ನ ಜೀವನ ಬರೆದುಕೊಡಬೇಕಾ?"

ಅವಳು ಬಿಟ್ಟರೂ ತನಗೇ ಬರುತ್ತದೆಂದೇನಿಲ್ಲ, ಪಟ್ಟಿಯಲ್ಲಿ ತನಗಿಂತ ಮುಂದೆ ಎಷ್ಟು ಜನರಿದ್ದಾರೋ ಎಂದು ನೇಲಿಯಾ ನಡುವೆ ಬಂದು ಸಮಾಧಾನ ಹೇಳಬೇಕಾಯಿತು. ಜೆರ್ಮಾನೊ ಅಷ್ಟು ಹೊತ್ತೂ ಚಾಕು ಮಸೆಯುತ್ತಾ ಕೂತಿದ್ದವನು ತಲೆಯೆತ್ತದೆ, "ಮನೆಗೊಂದು ಸೀಟು ಬಂತಲ್ಲ, ಅದೇ ದೊಡ್ಡದು," ಎಂದ. ಆ ಸಂಜೆಯ ಬ್ರೆಡ್ಡು ಸರಿಯಾಗಿ ಉಬ್ಬಲಿಲ್ಲ.

ಜನವರಿಯಲ್ಲಿ ತರಗತಿ ಶುರುವಾಯಿತು. ಪಟ್ಟಿಯಿಂದ ಕರೆ ಬಂದೀತೆಂದು ಶುರುವಾಗುವ ಹಿಂದಿನ ದಿನದವರೆಗೂ ನೇಲಿಯಾ ಫೋನನ್ನು ಕಿಸೆಯಿಂದ ಕೆಳಗಿಡಲಿಲ್ಲ. ಅಂದು ಸಂಜೆ ಅದನ್ನು ಫ್ರಿಜ್ಜಿನ ಮೇಲಿಟ್ಟು, ತಂಗಿಯ ಡಬ್ಬಿಗೆ ಏನು ಹಾಕಲಿ ಎಂದು ಕೇಳಿದಳು.

ಕೋರ್ಸಿನಲ್ಲಿರುವಾಗ ಬೇರೆ ಕೆಲಸ ಮಾಡುವ ಹಾಗಿರಲಿಲ್ಲ. ಕೊರೀನಾ ಬೆಳಗಾಗುತ್ತಲೇ ಕಾರಿನಲ್ಲಿ ಹೊರಟರೆ ಊಟದ ಹೊತ್ತಿಗೆ ಬರುವಳು. ಅವಳ ಪಾಲಿನ ಮನೆಗೆಲಸ ನೇಲಿಯಾಗೆ ಬಂತು. ಬಟ್ಟೆ ಒಗೆಯಲು ಹಾಕುವುದು, ಮೆಟ್ಟಿಲ ಹಿಮ ತೆಗೆಯುವುದು, ವವೋಳ ಕಾಲಿಗೆ ಬಿಗಿ ಕಾಲುಚೀಲ ಏರಿಸುವುದು. ಊಟವಾದ ಮೇಲೆ ಪ್ರಶ್ನೆಗಳ ಚೀಟಿ ಹಿಡಿದು ತಂಗಿಯ ಎದುರು ಕೂರುವಳು. ರೋಗಿಯನ್ನು ಪರೀಕ್ಷಿಸುವ ಪಾಠ ಬಂದಾಗ ವವೋ ಒಳ್ಳೆಯ ರವಿಕೆ ಹಾಕಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಸಿದ್ಧವಾಗಿ ಕೂರುತ್ತಿದ್ದಳು. ಕೊರೀನಾ ಬೆನ್ನು ತಟ್ಟಿ ನೋಡುವಳು, ಉಸಿರೆಳೆದುಕೋ ಎನ್ನುವಳು, ಸ್ಟೆತಸ್ಕೋಪು ಇಡುವಳು. "ತಣ್ಣಗಿದೆ," ಎಂದು ವವೋ ಪ್ರತಿ ಸಲವೂ ದೂರಿ, ಪ್ರತಿ ಸಲವೂ ಇನ್ನೊಂದು ಸಲ ನೋಡು ಎನ್ನುವಳು.

ಮೊದಮೊದಲು ನಗು ಇತ್ತು. ಫೆಬ್ರವರಿಯಲ್ಲಿ ಕೊರೀನಾ ಔಷಧಿಗಳ ವಿಷಯದ ಪರೀಕ್ಷೆಯಲ್ಲಿ ಬಿದ್ದಳು. ಮತ್ತೊಮ್ಮೆ ಬರೆದು ಹೇಗೋ ದಾಟಿಕೊಂಡಳು. ವಾರಕ್ಕೆ ಎರಡು ಪರೀಕ್ಷೆ. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತಿತ್ತು. ಅವಳು ತಟ್ಟೆಯ ಮುಂದೆ ಪುಸ್ತಕ ಇಟ್ಟುಕೊಂಡು ಊಟ ಬಿಡತೊಡಗಿದಳು. ಮುಖ ಇಳಿದುಹೋಯಿತು. ವವೋ ಸೂಪಿನಿಂದ ಸಾಸೇಜು ಆರಿಸಿ ಅವಳ ಬಟ್ಟಲಿಗೆ ಹಾಕಿದರೆ ಅದನ್ನು ಚಮಚದಿಂದ ಅಂಚಿಗೆ ತಳ್ಳುವಳು.

ನೇಲಿಯಾಳ ಜೊತೆ ಮಾತ್ರ ಅವಳು ಯಾಕೋ ಸಿಡಿಮಿಡಿ. ಡಬ್ಬಿ ಕಟ್ಟಿಕೊಟ್ಟರೆ ಮರೆತು ಹೋಗುವಳು. ಚೀಟಿ ಹಿಡಿದು ಕೂತರೆ ತಲೆನೋವು ಎನ್ನುವಳು. ಒಂದು ಭಾನುವಾರ ನೇಲಿಯಾ ಹೃದಯದ ಕಾಯಿಲೆಗಳ ಚೀಟಿಗಳನ್ನು ಬಣ್ಣದ ಪ್ರಕಾರ ಜೋಡಿಸಿ ತಂದಳು. ಕೊರೀನಾ ಮೇಜಿನಿಂದ ದೂರ ಸರಿದಳು.

"ಯಾಕಿಷ್ಟು ಮಾಡ್ತೀಯ ನನಗೆ?" ಎಂದಳು. "ಯಾರು ಕೇಳಿದ್ರು ನಿನ್ನನ್ನ?"

"ಕೇಳಬೇಕಾ? ನಾಳೆ ಪರೀಕ್ಷೆ ಇದೆ ನಿಂಗೆ."

"ಇದೆ ಅಂತ ನಂಗೊತ್ತು. ನೀನು ಹೋಗಿ ನಿನ್ನ ಕೆಲಸ ನೋಡ್ಕೋ, ನೇಲಿ. ದಯವಿಟ್ಟು."

ಹೊಟ್ಟೆಗಿಲ್ಲದೆ ತಲೆ ಕೆಟ್ಟಿದೆ ಎಂದು ವವೋ ಬೈದಳು. ನೇಲಿಯಾ ಚೀಟಿಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಮೇಜಿನ ಮೇಲೇ ಬಿಟ್ಟು, ಇಸ್ತ್ರಿಗೆ ಹೋದಳು. ಜೆರ್ಮಾನೊ ಟಿವಿಯ ದನಿ ಜೋರು ಮಾಡಿದ.

ಏಪ್ರಿಲಿನಲ್ಲಿ ಕೊರೀನಾ ಹೃದಯದ ಕಾಯಿಲೆಗಳ ಪರೀಕ್ಷೆಯಲ್ಲಿ ಬಿದ್ದಳು. ಮೇ ತಿಂಗಳಲ್ಲಿ ಅದನ್ನೇ ಮತ್ತೆ ಬರೆದು ಮತ್ತೆ ಬಿದ್ದಳು. ಹಾಗೆ ಎರಡನೆಯ ಸಲವೂ ಬಿದ್ದವರನ್ನು ಸಮಿತಿ ಕೋರ್ಸಿನಿಂದ ತೆಗೆದುಹಾಕುವುದು ಅಲ್ಲಿಯ ನಿಯಮ. ಒಂದು ಶುಕ್ರವಾರ, ಆಲೂಗಡ್ಡೆಯ ಜೊತೆ ಬೇಯಿಸಿದ ಒಣಮೀನು ಮೇಜಿಗೆ ಬಂದಾಗ, ಕೊರೀನಾ ಕೋಟನ್ನೂ ತೆಗೆಯದೆ ಕೂತು, "ನನ್ನನ್ನ ತೆಗೆದುಹಾಕಿದ್ರು," ಎಂದಳು.

ವವೋಗೆ ಅರ್ಥವಾಗಲಿಲ್ಲ. ಏನು ಮಾಡಿದೆ, ಯಾರ ಜೊತೆ ಜಗಳ ಮಾಡಿದೆ ಎಂದು ಕೇಳಿದಳು. ಜಗಳವಲ್ಲ, ಬಿದ್ದೆ ಎಂದಳು ಕೊರೀನಾ. ಹಾಗಾದರೆ ಮತ್ತೆ ಬರೆ ಎಂದಳು ವವೋ. ಜೆರ್ಮಾನೊ ಫೋರ್ಕು ಕೆಳಗಿಟ್ಟು ಕೈಗಳನ್ನು ಮೇಜಿನ ಕೆಳಗೆ ಇಳಿಬಿಟ್ಟು ಕೂತ. ಬೇರೆ ಕಾಲೇಜಿಗೆ ಹೋಗಬಹುದಲ್ಲ ಎಂದು ಕೇಳಿದ. ಎಲ್ಲ ಕಡೆಯ ಅರ್ಜಿಯಲ್ಲೂ ಹಿಂದೆ ಯಾವುದಾದರೂ ಕಾಲೇಜಿನಿಂದ ತೆಗೆದುಹಾಕಿದ್ದರೇ ಎಂಬ ಪ್ರಶ್ನೆ ಇರುತ್ತದೆ, ಹೌದೆಂದರೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದು ಉತ್ತರ ಕೊಟ್ಟವಳು ನೇಲಿಯಾ. ಹೇಳಿದವಳೇ ಎದ್ದು ಕೊರೀನಾಳ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಮೇಲ್ಮನವಿಗೆ ಅವಕಾಶವಿದೆಯಾ ಎಂದು ಕೇಳಿದಳು.

ಅವಕಾಶವಿತ್ತು. ಬರುವ ಗುರುವಾರ ಸಮಿತಿಯ ಮುಂದೆ ಹೋಗಿ ಮಾತನಾಡಬಹುದಿತ್ತು. ಮನೆಯವರೊಬ್ಬರು ಜೊತೆಗೆ ಕೂರಬಹುದಿತ್ತು. ನೇಲಿಯಾ ಮರುದಿನವೇ ಕೆಲಸಕ್ಕೆ ರಜೆ ಹೇಳಿದಳು. ಕೊರೀನಾ ಎಷ್ಟು ತೂಕ ಇಳಿದಿದ್ದಾಳೆ, ಪರೀಕ್ಷೆಯ ಹಿಂದಿನ ದಿನ ಹೇಗೆ ವಾಂತಿ ಮಾಡಿಕೊಂಡಳು, ಇವನ್ನೆಲ್ಲ ತಾನು ಹೇಳುವುದಾಗಿ ನಿಶ್ಚಯಿಸಿಕೊಂಡಳು. ಬೇಡ ಎಂದು ಕೊರೀನಾ ಹೇಳುತ್ತಲೇ ಇದ್ದಳು, ನೇಲಿಯಾ ಕೇಳಿಸಿಕೊಳ್ಳಲಿಲ್ಲ. ಬುಧವಾರ ಊಟಕ್ಕೆ ಮೊದಲು ಅಡುಗೆಮನೆಯಲ್ಲೇ ಹಲಗೆ ಬಿಡಿಸಿ, ಸಂದರ್ಶನಕ್ಕೆಂದು ಕೊಂಡಿದ್ದ ನೀಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ವವೋ ಒಲೆಯ ಮುಂದಿದ್ದಳು. ಜೆರ್ಮಾನೊ ಬ್ರೆಡ್ಡು ಕೊಯ್ಯುತ್ತಿದ್ದ.

"ನೀನು ಬಂದ್ರೆ ನಾನು ಹೋಗಲ್ಲ," ಎಂದಳು ಕೊರೀನಾ.

"ಹುಚ್ಚಿ ಥರ ಆಡಬೇಡ. ಒಬ್ಬಳೇ ಹೋಗಿ ಅಳ್ತಾ ಕೂರ್ತೀಯ."

"ಸಮಿತಿಯಲ್ಲಿ ಅವಳೇ ಇರೋದು. ಆ ನರೆಗೂದಲಿನವಳು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡ್ತಾಳೆ."

"ನೋಡಲಿ. ನಾನೇನು ಕದ್ದಿದೀನಾ ಅವಳದ್ದು?"

ಕೊರೀನಾ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಬೀನ್ಸಿನ ಮುದುಕನ ಕಥೆ ನಾನು ಹೇಳಿದ್ದೆ," ಎಂದಳು.

"ಯಾರಿಗೆ?"

"ಅವರಿಗೆ. ಇಂಟರ್‌ವ್ಯೂನಲ್ಲಿ. ನಿನಗಿಂತ ಒಂದು ವಾರ ಮುಂಚೆ."

"ನನ್ನ ಅಕ್ಕ ನೋಡಿದ್ದು ಅಂತ ಹೇಳಿದ್ಯಾ?"

"ಇಲ್ಲ. ನಾನೇ ನೋಡಿದ್ದು ಅಂತ. ಅವರು ಕೇಳಿದಾಗ ನನ್ನ ಹತ್ರ ಏನೂ ಇರಲಿಲ್ಲ, ನೇಲಿ. ಕ್ಲಿನಿಕ್ಕಲ್ಲಿ ಬಿಪಿ ನೋಡಿದ್ದು ಬಿಟ್ರೆ ಇನ್ನೇನೂ ಇರಲಿಲ್ಲ. ಬಾಯಿಗೆ ಅದೇ ಬಂತು."

ನೇಲಿಯಾ ಇಸ್ತ್ರಿಯನ್ನು ನಿಲ್ಲಿಸಿಟ್ಟು, ವೈರು ಕಿತ್ತಳು. ಹಲಗೆಯ ಮೇಲಿನ ಅಂಗಿಯನ್ನೇ ನೋಡುತ್ತಾ ನಿಂತಳು. ಆ ಹೆಂಗಸು ಪೆನ್ನು ಯಾಕೆ ಕೆಳಗಿಟ್ಟಳು ಎಂಬುದು ಈಗ ತಿಳಿಯಿತು.

"ಅವರು ನನ್ನನ್ನ ಸುಳ್ಳಿ ಅಂದ್ಕೊಂಡ್ರು," ಎಂದಳು.

ಕೊರೀನಾ ಅಳುತ್ತಿದ್ದಳು. ವವೋ ಒಲೆಯಿಂದ ತಿರುಗಿ, ಆ ಕಥೆ ದೊಡ್ಡವಳದ್ದು, ಇದೇ ಮೇಜಿನ ಮೇಲೆ ಹೇಳಿದ್ದನ್ನು ನಾನು ಕೇಳಿದ್ದೇನೆ, ಬೇಕಾದರೆ ಆಣೆ ಮಾಡಿ ಹೇಳುತ್ತೇನೆ ಎಂದಳು.

"ನಾನು ಬಂದು ಅವತ್ತೇ ಕೇಳಿದೆನಲ್ಲ," ಎಂದಳು ನೇಲಿಯಾ. "ಏನು ತಪ್ಪು ಹೇಳಿದೆ ಅಂತ ನಿನ್ನನ್ನೇ ಕೇಳಿದೆ. ಅವತ್ತು ಬಾಯಿ ಬಿಡಬೇಕಿತ್ತು. ಸೀಟು ಬಂದ ಮೇಲಾದ್ರೂ ಬಿಡಬೇಕಿತ್ತು."

"ಹೇಳಿದೆ."

"ಯಾರಿಗೆ ಹೇಳಿದೆ?"

ಕೊರೀನಾ ಅಪ್ಪನ ಕಡೆ ನೋಡಿದಳು. ಜೆರ್ಮಾನೊ ಕೊಯ್ದ ಬ್ರೆಡ್ಡಿನ ಹೋಳುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದ. ಸೀಟು ಬಂದ ವಾರ, ಹಿತ್ತಲಿನ ಅಂಜೂರದ ಗಿಡಕ್ಕೆ ಚಳಿಗೆಂದು ಗೋಣಿ ಸುತ್ತುತ್ತಿದ್ದಾಗ ಅವಳು ಅವನಿಗೆ ಎಲ್ಲ ಹೇಳಿದ್ದಳು. ಕಾಲೇಜಿಗೆ ಫೋನ್ ಮಾಡಿ ನಿಜ ಹೇಳಿಬಿಡಲೇ ಎಂದು ಕೇಳಿದ್ದಳು. ಅವನು ಬೇಡ ಎಂದಿದ್ದ.

"ಅಪ್ಪ, ನಿಂಗೊತ್ತಿತ್ತಾ?"

"ಗೊತ್ತಿತ್ತು," ಎಂದ ಜೆರ್ಮಾನೊ. "ಹೇಳಿದ್ರೆ ಅವಳದ್ದು ಹೋಗ್ತಿತ್ತು. ನಿನಗೆ ಬರ್ತಿತ್ತು ಅನ್ನೋ ಗ್ಯಾರಂಟಿ ಏನಿತ್ತು? ಇಬ್ಬರದ್ದೂ ಹೋಗೋದು ಬೇಡ ಅಂದ್ಕೊಂಡೆ."

"ಚಳಿಗಾಲವೆಲ್ಲ ಅವಳ ಡಬ್ಬಿ ಕಟ್ಟಿದೆ ನಾನು. ನೀನು ನೋಡ್ತಾ ಕೂತಿದ್ದೆ."

"ನೀನು ಗಟ್ಟಿ, ನೇಲಿಯಾ. ನೀನು ತಡ್ಕೋತೀಯ. ಅವಳು ತಡ್ಕೋತಿರಲಿಲ್ಲ."

"ಅಮ್ಮ ಸತ್ತಾಗಲೂ ಇದನ್ನೇ ಹೇಳಿದೆ," ಎಂದಳು ನೇಲಿಯಾ. ಅವಳ ದನಿ ಏರಿರಲಿಲ್ಲ. ಹಲಗೆ ಮಡಚಿ ಗೋಡೆಗೆ ಒರಗಿಸಿದಳು. ಅಂಗಿಯನ್ನು ಕೈಯಲ್ಲಿ ಹಿಡಿದು ತನ್ನ ಕೋಣೆಗೆ ಹೋದಳು. ಸೂಪು ಹಾಗೆಯೇ ಉಳಿಯಿತು. ವವೋ ಅದನ್ನು ಯಾರಿಗೂ ಬಡಿಸಲಿಲ್ಲ.

ಗುರುವಾರ ಬೆಳಿಗ್ಗೆ ಕೊರೀನಾ ಹೊರಡುವಾಗ ನೇಲಿಯಾ ಬಾಗಿಲಿಗೆ ಬಂದು, ಅಲ್ಲಿ ಆ ಕಥೆ ಯಾರದ್ದೆಂದು ಹೇಳು, ಬೇರೇನೂ ಕೇಳುವುದಿಲ್ಲ ಎಂದಳು. ಕೊರೀನಾ ಹೇಳುತ್ತೇನೆ ಎಂದಳು. ಮಧ್ಯಾಹ್ನ ತಿರುಗಿ ಬಂದಳು. ಮನವಿ ಬಿದ್ದುಹೋಗಿತ್ತು. ಹೇಳಿದೆಯಾ ಎಂದು ನೇಲಿಯಾ ಕೇಳಿದಳು.

"ಹೇಳೋಣ ಅಂತಲೇ ಹೋದೆ," ಎಂದಳು ಕೊರೀನಾ. "ಮಾತು ಅಲ್ಲಿಗೆ ಬರಲೇ ಇಲ್ಲ. ಅವರು ಬರೀ ಅಂಕದ ಬಗ್ಗೆ ಕೇಳಿದ್ರು."

ನೇಲಿಯಾ ಆಮೇಲೆ ತಾನೇ ಕಾಲೇಜಿಗೆ ಫೋನ್ ಮಾಡಿದಳು. ನರೆಗೂದಲಿನ ಹೆಂಗಸೇ ಮಾತಿಗೆ ಸಿಕ್ಕಳು, ಮೆತ್ತಗೇ ಮಾತಾಡಿದಳು. ಬೇರೆ ವಿದ್ಯಾರ್ಥಿಯ ವಿಷಯ ತಾನು ಚರ್ಚಿಸುವಂತಿಲ್ಲ, ಹೋದ ವರ್ಷದ ಪಟ್ಟಿ ಮುಗಿದ ಸಂಗತಿ, ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಬಹುದು ಎಂದಳು. ಹೊಸದಾಗಿ ಹಾಕುವ ಹಾಗಿರಲಿಲ್ಲ. ನೇಲಿಯಾ ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಬಹಳ ಕಾಲವಾಗಿತ್ತು. ಅಷ್ಟು ಹಳೆಯ ಓದು ಲೆಕ್ಕಕ್ಕಿಲ್ಲ ಎಂಬುದು ಅಲ್ಲಿಯ ಇನ್ನೊಂದು ನಿಯಮ. ಹೋದ ವರ್ಷದ ಅರ್ಜಿಗೆ ಅದು ಕೊನೆಯ ಸಲ ಸಲ್ಲುತ್ತಿತ್ತು. ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ಮೇಲಿನ ವಾರಗಳಲ್ಲಿ ಮನೆಯಲ್ಲಿ ನಾಲ್ವರೂ ಬೇರೆ ಬೇರೆ ಹೊತ್ತಿಗೆ ಉಂಡರು. ವವೋ ಪಾತ್ರೆಯನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದಳು. ಕೊರೀನಾ ಒಮ್ಮೆ ಅಕ್ಕನ ಸಮವಸ್ತ್ರ ಒಗೆದು ಮಡಚಿ ಅವಳ ಹಾಸಿಗೆಯ ಮೇಲಿಟ್ಟಳು. ನೇಲಿಯಾ ಅದನ್ನು ಹಾಗೇ ತೆಗೆದುಕೊಂಡುಹೋಗಿ ಇನ್ನೊಂದು ಸಲ ಒಗೆಯಲು ಹಾಕಿದಳು. ಜೆರ್ಮಾನೊ ದೊಡ್ಡ ಮಗಳು ಬಾತ್‌ರೂಮಿನಿಂದ ಹೊರಗೆ ಬರುವ ಹೊತ್ತಿಗೆ ಬೇಕೆಂದೇ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದ. ಕೋರ್ಸಿಗೆಂದು ಮಾಡಿದ ಸಾಲದ ಮಾತು ಬಂದಾಗ ಕೊರೀನಾ ತಾನೇ ತೀರಿಸುತ್ತೇನೆ ಎಂದಳು, ಅಷ್ಟೇ.

ಜೂನ್ ಕೊನೆಗೆ ನೇಲಿಯಾ ವೂಸ್ಟರ್ ಎಂಬ ಬೇರೆ ಊರಿನ ಆಂಬುಲೆನ್ಸ್ ಕೆಲಸಕ್ಕೆ ಹೋದಳು. ಜೊತೆಯವಳೊಬ್ಬಳ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಹೊರಡುವ ದಿನ ಕೊರೀನಾ ಒಂದು ಪೆಟ್ಟಿಗೆ ಎತ್ತಿಕೊಳ್ಳಲು ಬಂದಳು. ಅದನ್ನು ಇಡು ಎಂದಳು ನೇಲಿಯಾ. ಕೊರೀನಾ ಇಟ್ಟಳು. ವವೋಳ ಕಾಲುಚೀಲವನ್ನು ಬೆಳಿಗ್ಗೆ ಅವಳು ಏಳುವ ಮೊದಲೇ ಏರಿಸಬೇಕು, ಬಾವು ಬಂದ ಮೇಲೆ ಏರುವುದಿಲ್ಲ ಎಂದು ನೇಲಿಯಾ ಹೇಳಿಕೊಟ್ಟಳು. ತಂಗಿಗೆ ಅವಳು ಹೇಳಿದ ಕೊನೆಯ ಮಾತು ಅದೇ. ವವೋ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನ್ನನ್ನ ಇವರ ಕೈಗೆ ಕೊಟ್ಟು ಹೋಗ್ತಿದೀಯಲ್ಲ," ಎಂದಳು.

"ಫೋನ್ ಮಾಡ್ತೀನಿ, ವವೋ."

"ಫೋನಿಗೆ ಸೂಪು ಬಡಿಸಲಾ?"

ನೇಲಿಯಾ ಅವಳ ಕೈಗಳನ್ನು ಬಿಡಿಸಿಕೊಂಡು ಮೆಟ್ಟಿಲಿಳಿದಳು. ಭಾನುವಾರ ವವೋಗೆ ಫೋನ್ ಬರುತ್ತಿತ್ತು. ಜೆರ್ಮಾನೊ ಪಕ್ಕದಲ್ಲೇ ಕೂತಿರುತ್ತಿದ್ದ. ಫೋನು ಅವನ ಕೈಗೆ ಬರುತ್ತಿರಲಿಲ್ಲ.

ಕೊರೀನಾಗೆ ಕಣ್ಣಿನ ಡಾಕ್ಟರೊಬ್ಬರ ಕಚೇರಿಯಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಇಗರ್ಜಿಯ ಮೆಟ್ಟಿಲಿನಲ್ಲಿ ಹೆಂಗಸರು ನಿಮ್ಮ ಡಾಕ್ಟರಮ್ಮ ಹೇಗಿದ್ದಾಳೆ ಎಂದು ಕೇಳಿದರೆ ವವೋ ಕಿವಿ ಕೇಳಿಸದವಳಂತೆ ಮುಂದೆ ನಡೆಯುವಳು. ಆಮೇಲೆ ಆಮೇಲೆ ಪೂಜೆಗೆ ಹೋಗುವುದನ್ನೇ ಬಿಟ್ಟಳು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದಳು. ಕೊರೀನಾ ಬೆಳಿಗ್ಗೆ ಅವಳ ಕಾಲುಚೀಲ ಏರಿಸುವಳು. ವವೋ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕಾಲು ಚಾಚುವಳು.

ಡಿಸೆಂಬರಿನ ಮೊದಲ ಶನಿವಾರ ಜೆರ್ಮಾನೊ ವೂಸ್ಟರಿಗೆ ಹೋದ. ಕಾರ್ಖಾನೆಯಿಂದ ಒಳ್ಳೆಯ ಮೀನು ಆರಿಸಿ, ತಾನೇ ಮುಳ್ಳು ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ. ಕ್ರಿಸ್ಮಸ್ಸಿಗೆ ಬರಲು ಹೇಳು, ಬರುತ್ತೇನೆ ಎನ್ನುವವರೆಗೂ ಅಲ್ಲೇ ಕೂತಿರು ಎಂದು ವವೋ ಹೊರಡುವ ಮೊದಲು ಹೇಳಿದ್ದಳು. ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. ನಾನು ಮಾಡಿದ್ದು ತಪ್ಪು ಎಂಬುದರಿಂದ ಶುರು ಮಾಡಬೇಕೆಂದಿದ್ದ.

ನೇಲಿಯಾ ಕೆಲಸಕ್ಕೆ ಹೊರಡುವ ಹೊತ್ತು. ಸಮವಸ್ತ್ರದಲ್ಲಿ, ಕಾರಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಒಳಗೆ ಬಾ ಎನ್ನಲಿಲ್ಲ. ಹೊರಗಿನ ಜಗಲಿಯಲ್ಲಿ ನಿಂತೇ ಮಾತಾಡಿದರು. ವವೋಳ ಕಾಲು ಹೇಗಿದೆ ಎಂದು ಕೇಳಿದಳು. ಬಾವು ಇದೆ ಎಂದ. ಉಪ್ಪು ಕಡಿಮೆ ಮಾಡಿದ್ದಾಳಾ ಎಂದಳು. ನಿನಗೆ ಗೊತ್ತಲ್ಲ ಎಂದ. ಕೊರೀನಾ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ತಾನಾಗಿ ಹೇಳಿದ. ನೇಲಿಯಾ ತಲೆಯಾಡಿಸಿ ಬೀದಿಯ ಕಡೆ ನೋಡಿದಳು.

"ಮತ್ತೆ ಅರ್ಜಿ ಹಾಕ್ತೀಯಾ?" ಎಂದು ಕೇಳಿದ.

"ಇಲ್ಲ."

"ಯಾಕೆ? ನಿನಗಿನ್ನೂ ವಯಸ್ಸಿದೆ."

"ನನ್ನ ಓದು ಹಳೇದಾಯ್ತು, ಅಪ್ಪ. ಎಲ್ಲ ಮೊದಲಿಂದ ಓದಬೇಕು. ಹೋದ ವರ್ಷ ನಡೀತಿತ್ತು, ಈಗ ನಡೆಯಲ್ಲ."

ಜೆರ್ಮಾನೊಗೆ ಇದು ತಿಳಿದಿರಲಿಲ್ಲ. ಅವನು ಪೆಟ್ಟಿಗೆಯ ಹಿಡಿಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಬಾಯಿಪಾಠ ಮಾಡಿಕೊಂಡು ಬಂದ ಮಾತಿನ ಮೊದಲ ಪದವೂ ನಾಲಿಗೆಗೆ ಬರಲಿಲ್ಲ.

"ನೀನು ಬಂದದ್ದು ಯಾಕೆ?" ಎಂದು ಕೇಳಿದಳು ನೇಲಿಯಾ. ಕೋಪದಿಂದ ಕೇಳಿದಂತಿರಲಿಲ್ಲ. ಉತ್ತರಕ್ಕಾಗಿ ಕಾದಳು ಕೂಡ.

"ಮೀನು ತಂದಿದ್ದೆ," ಎಂದ ಜೆರ್ಮಾನೊ. "ಮುಳ್ಳು ತೆಗೆದಿದೀನಿ. ಇವತ್ತೇ ಫ್ರಿಜ್ಜಲ್ಲಿಡು."

"ಇಡ್ತೀನಿ."

ಅವಳು ಪೆಟ್ಟಿಗೆಯನ್ನು ಒಳಗಿಟ್ಟು, ಬಾಗಿಲಿಗೆ ಬೀಗ ಹಾಕಿ ಬಂದಳು. ಹೊರಡುವಾಗ ಅಪ್ಪನ ಹತ್ತಿರ ಆಶೀರ್ವಾದ ಕೇಳುವುದು ನಮ್ಮವರ ರೂಢಿ. ಎಷ್ಟೇ ಅವಸರವಿದ್ದರೂ, ಎಷ್ಟೇ ಮುನಿಸಿದ್ದರೂ ಕೇಳುತ್ತಾರೆ. ಜೆರ್ಮಾನೊ ದೇವರು ಒಳ್ಳೆಯದು ಮಾಡಲಿ ಎನ್ನಲು ಬಾಯಿ ಸಿದ್ಧ ಮಾಡಿಕೊಂಡು ನಿಂತ. ನೇಲಿಯಾ, ತಡವಾಯಿತು ಎಂದು ಹೇಳಿ ಕಾರು ಹತ್ತಿದಳು. ಅವನು ತನ್ನ ಗಾಡಿಯಲ್ಲಿ ಕೂತು, ವವೋ ಕಟ್ಟಿಕೊಟ್ಟಿದ್ದ ಬ್ರೆಡ್ಡು ಬಿಚ್ಚಿ, ಎರಡು ತುತ್ತು ತಿಂದು ಮಡಚಿಟ್ಟ.

ಮನೆ ಮುಟ್ಟುವಾಗ ಊಟದ ಹೊತ್ತಾಗಿತ್ತು. ಕೊರೀನಾ ಮೂರು ಬಟ್ಟಲು ಇಡುತ್ತಿದ್ದವಳು ಅಪ್ಪನ ಹೆಜ್ಜೆ ಕೇಳಿ ಅಲ್ಲೇ ನಿಂತಳು. ವವೋ ಒಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಸಿಕ್ಕಿದಳಾ?"

"ಸಿಕ್ಕಿದಳು."

"ಹೇಗಿದಾಳೆ?"

"ಚೆನ್ನಾಗಿದಾಳೆ. ಕೂದಲು ಕತ್ತರಿಸಿಕೊಂಡಿದಾಳೆ."

"ಕ್ರಿಸ್ಮಸ್ಸಿಗೆ ಬರ್ತಾಳಂತಾ?"

ಜೆರ್ಮಾನೊ ಕೋಟು ಗೂಟಕ್ಕೆ ಹಾಕಿ, ಸಿಂಕಿನಲ್ಲಿ ಬಹಳ ಹೊತ್ತು ಕೈ ತೊಳೆದು, ತನ್ನ ಜಾಗದಲ್ಲಿ ಬಂದು ಕೂತ.

"ಕೇಳಲಿಲ್ಲ," ಎಂದ.